4 ಜಿಬಿ ಲ್ಯಾಪ್‌ಟಾಪ್, ಕರ್ನಲ್ ಮೆಮೊರಿ, ಹತ್ತಿ ಬೇಲು: ಎಲ್ಲಿಂದ ಶುರು ಮಾಡಲಿ?

ಮಾನ್ವಿ_ಬೈಟ್ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಊರು ಮಾನ್ವಿ, ರಾಯಚೂರಿನಲ್ಲಿ ರೂಮ್ ಮಾಡಿಕೊಂಡು ಬಿಇ ಓದುತ್ತಿದ್ದೇನೆ. ನನ್ನ ಹತ್ತಿರ ಇರೋದು 4 ಜಿಬಿ ರ‍್ಯಾಮಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ರ‍್ಯಾಮ್ ಬೋರ್ಡಿಗೇ ಬೆಸೆದಿದೆ, ಇನ್ನೊಂದು ಹಾಕಲು ಜಾಗವೇ ಇಲ್ಲ ಅಂತ ಕೊಂಡ ಮೇಲೆ ಗೊತ್ತಾಯಿತು. ಆರ್ಚ್ ಲಿನಕ್ಸ್ ಹಾಕಿಕೊಂಡಿದ್ದೇನೆ. ಬ್ರೌಸರಿನಲ್ಲಿ ಹತ್ತು ಟ್ಯಾಬು, ಪಕ್ಕದಲ್ಲಿ ಕೋಡ್ ಎಡಿಟರ್ ತೆರೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ.

ಎರಡು ಪ್ರಶ್ನೆ. 'ಫ್ರೀ' ಕಮಾಂಡ್ ಕೊಟ್ಟರೆ 140 ಎಂಬಿ ಮಾತ್ರ ಖಾಲಿ ಅಂತ ತೋರಿಸುತ್ತದೆ. ಎಲ್ಲ ಮುಚ್ಚಿದ ಮೇಲೂ ಬಹಳ ಏರುವುದಿಲ್ಲ. ಯಾರು ತಿನ್ನುತ್ತಿದ್ದಾರೆ? ಎರಡನೆಯದು, ರ‍್ಯಾಮಿನಲ್ಲಿರುವುದನ್ನೇ ಕಂಪ್ರೆಸ್ ಮಾಡಿಟ್ಟರೆ 4 ಜಿಬಿ 8 ಜಿಬಿ ಆಗುತ್ತದೆ ಅಂತ ಸೀನಿಯರ್ ಒಬ್ಬರು ಹೇಳಿದರು. ನಿಜಾನಾ?

ಕ್ಲಾಸಿನಲ್ಲಿ ಪೇಜಿಂಗ್ (ಮೆಮೊರಿಯನ್ನು 4 ಕೆಬಿ ತುಂಡು, ಅಂದರೆ ಪೇಜುಗಳಾಗಿ ನೋಡಿಕೊಳ್ಳುವುದು), ಎಲ್‌ಆರ್‌ಯು (ಬಹಳ ಹೊತ್ತು ಮುಟ್ಟದ ಪೇಜನ್ನು ಮೊದಲು ಹೊರಹಾಕುವ ನಿಯಮ) ಎಲ್ಲ ಪಾಠ ಆಗಿದೆ, ಮಾರ್ಕ್ಸೂ ಬಂದಿದೆ. ಆದರೆ ಲಿನಕ್ಸಿನ ತಿರುಳಾದ ಕರ್ನಲ್‌ನ ಸೋರ್ಸಿನಲ್ಲಿ ಮೆಮೊರಿ ಕೋಡ್ ಇರುವ ಎಂಎಂ ಫೋಲ್ಡರ್ ತೆರೆದು, ಹೆದರಿ ಮುಚ್ಚಿಬಿಟ್ಟೆ. ಇದನ್ನು ಸರಿಯಾಗಿ ಕಲಿಯಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?

ಗಂಗಾವತಿ_ರೂಟ್ · 11:05

ಕರ್ನಲ್‌ನ ಸ್ವಾಪಿನೆಸ್ ಸೆಟ್ಟಿಂಗ್ 10 ಮಾಡು, ಟ್ಯಾಬ್ ಮುಚ್ಚು, ಮಲಗು.

ಕೋಟೆ_ಕೆಳಗೆ · ಭಾನುವಾರ ಬೆಳಿಗ್ಗೆ 7:20

ಬಳ್ಳಾರಿಯಿಂದ. ಇದೇ ವಿಷಯ ಪಾಠ ಮಾಡುವವನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ. ಬೈಯಬೇಡಿ.

ತಮ್ಮಾ, ಯಾರೂ ತಿನ್ನುತ್ತಿಲ್ಲ. ಅದೇ ಸಾಲಿನ ಕೊನೆಗೆ 'ಅವೈಲಬಲ್' ಅಂತ ಒಂದು ಕಾಲಂ ಇದೆ, ಅದನ್ನು ನೋಡು. ಡಿಸ್ಕಿನಿಂದ ಒಮ್ಮೆ ಓದಿದ ಫೈಲನ್ನು ಕರ್ನಲ್ ಖಾಲಿ ರ‍್ಯಾಮಿನಲ್ಲಿ ಇಟ್ಟುಕೊಂಡೇ ಇರುತ್ತದೆ. ಮತ್ತೆ ಕೇಳಿದರೆ ಡಿಸ್ಕಿನವರೆಗೆ ಹೋಗುವುದು ತಪ್ಪುತ್ತದೆ. ಇದು ಪೇಜ್ ಕ್ಯಾಶ್. ಬೇರೆ ಪ್ರೋಗ್ರಾಮಿಗೆ ಜಾಗ ಬೇಕಾದರೆ ಬಿಟ್ಟುಕೊಡುತ್ತದೆ. ರ‍್ಯಾಮ್ ಸುಮ್ನೆ ಖಾಲಿ ಕೂತಿದ್ದರೆ ಏನು ಲಾಭ? ಈ ಗೊಂದಲ ಎಲ್ಲರಿಗೂ ಆಗುತ್ತಿತ್ತು. ಅದಕ್ಕೇ 2014ರಲ್ಲಿ ಬಂದ 3.14ನೇ ಕರ್ನಲ್‌ನಿಂದ, ನಿಜವಾಗಿ ಎಷ್ಟು ಸಿಗಬಹುದು ಅನ್ನುವ ಅಂದಾಜನ್ನು ಕರ್ನಲ್ಲೇ ಲೆಕ್ಕ ಹಾಕಿ ಮೆಮ್‌ಇನ್ಫೋ ಫೈಲಿನಲ್ಲಿ ಕೊಡುತ್ತದೆ.

ಈಗ ನಾನು ಕ್ಲಾಸಿನಲ್ಲಿ ಬೋರ್ಡ್ ತುಂಬ ಬರೆಯುವ ಒಂದು ಮಾತು. ಪೇಜುಗಳಲ್ಲಿ ಎರಡು ಜಾತಿ. ಒಂದಕ್ಕೆ ಡಿಸ್ಕಿನಲ್ಲಿ ಸ್ವಂತ ಊರಿದೆ: ಫೈಲಿನಿಂದ ಬಂದ ಪೇಜು. ಬದಲಾಗಿಲ್ಲ ಅಂದರೆ ರ‍್ಯಾಮಿನಿಂದ ಹಾಗೇ ಕಿತ್ತು ಹಾಕಬಹುದು, ಬೇಕಾದಾಗ ಊರಿಂದ ಮತ್ತೆ ಕರೆಸಬಹುದು. ಬದಲಾಗಿದ್ದರೆ ಮೊದಲು ಬರೆದು, ಆಮೇಲೆ ಕೀಳಬೇಕು. ಇನ್ನೊಂದಕ್ಕೆ ಊರೇ ಇಲ್ಲ: ಮಾಲಾಕ್ ಮಾಡಿದ್ದು (ಪ್ರೋಗ್ರಾಮ್ ಓಡುವಾಗ ಕೇಳಿ ಪಡೆದ ಮೆಮೊರಿ), ಸ್ಟ್ಯಾಕು. ಇದಕ್ಕೆ ಅನಾನಿಮಸ್ ಪೇಜ್ ಅನ್ನುತ್ತಾರೆ. ಇದನ್ನು ಕಿತ್ತು ಹಾಕಿದರೆ ಡೇಟಾ ಹೋಯಿತು. ಹಾಗಾಗಿ ಇದಕ್ಕೆ ಇರಲು ಒಂದು ಛತ್ರ ಬೇಕು, ಸಾಮಾನ್ಯವಾಗಿ ಡಿಸ್ಕಿನಲ್ಲಿ. ಅದೇ ಸ್ವಾಪ್.

ನಿನ್ನ ಸೀನಿಯರ್ ಹೇಳಿದ ಕಂಪ್ರೆಶನ್ ಈ ಎರಡನೇ ಜಾತಿಗೆ. ಕಂಪ್ರೆಸ್ ಮಾಡಿದ ಕ್ಯಾಶ್ ಅಂದ ತಕ್ಷಣ ಪೇಜ್ ಕ್ಯಾಶನ್ನೇ ಒತ್ತಿಡುತ್ತಾರೆ ಅಂದುಕೊಳ್ಳಬೇಡ. ಹಿಂದೆ ಝಡ್‌ಕ್ಯಾಶ್ ಅಂತ ಒಂದು ಪ್ರಯತ್ನ ಫೈಲಿನ ಪೇಜುಗಳನ್ನೂ ಒತ್ತಿಡಲು ನೋಡಿತ್ತು. ಇನ್ನೂ ಪಕ್ವವಾಗದ ಕೋಡ್ ಇಡುವ ಸ್ಟೇಜಿಂಗ್ ಫೋಲ್ಡರ್ ದಾಟಲೇ ಇಲ್ಲ, ಅಲ್ಲಿಂದಲೇ ತೆಗೆದುಹಾಕಿದರು.

ಜಿನ್ನಿಂಗ್_ಗಲ್ಲಿ · 9:10

ಮೇಷ್ಟ್ರು ಹೇಳಿದ್ದು ಸರಿ. ಕಲಿಯುವ ದಾರಿ ಬಗ್ಗೆ ನನ್ನದು ಒಂದೇ ಮಾತು: ವಿಎಂಸ್ಕ್ಯಾನ್ ಫೈಲಿನಿಂದ ಶುರು ಮಾಡಬೇಡ. ರಿಕ್ಲೈಮ್, ಅಂದರೆ ಮೆಮೊರಿ ವಾಪಸ್ ಪಡೆಯುವ ಕೋಡ್ ಪೂರ್ತಿ ಅಲ್ಲೇ ಇದೆ, ನಿಜ. ಆದರೆ ಅಲ್ಲಿರುವ ಪ್ರತಿ 'ಇಫ್' ಹಿಂದೆ ಯಾರದೋ ಸರ್ವರ್ ಬಿದ್ದ ಕಥೆ ಇರುತ್ತದೆ. ಆ ಕಥೆ ಗೊತ್ತಿಲ್ಲದೆ ಓದಿದರೆ ಬರೀ ಇಫ್ ಕಾಣುತ್ತದೆ.

ಮೊದಲು ಹತ್ತು ಸಾಲಿನ ಸಿ ಪ್ರೋಗ್ರಾಮ್ ಬರಿ. 1 ಜಿಬಿ ಮಾಲಾಕ್ ಮಾಡಿ ಸುಮ್ನೆ ನಿದ್ದೆ ಮಾಡಲಿ. 'ಟಾಪ್'ನಲ್ಲಿ ವಿಐಆರ್‌ಟಿ ಮತ್ತು ಆರ್‌ಇಎಸ್ ಕಾಲಂ ನೋಡು: ಮೊದಲನೆಯದು ಪ್ರೋಗ್ರಾಮ್ ಕೇಳಿದ ಮೆಮೊರಿ, ಎರಡನೆಯದು ನಿಜವಾಗಿ ರ‍್ಯಾಮಿನಲ್ಲಿ ಹಿಡಿದದ್ದು. ಆಮೇಲೆ ಪ್ರತಿ 4096 ಬೈಟಿಗೆ ಒಂದು ಬೈಟ್ ಬರಿ, ಮತ್ತೆ ನೋಡು. ಎಷ್ಟು ಪೇಜ್ ಫಾಲ್ಟ್ (ಇನ್ನೂ ಜಾಗ ಸಿಗದ ಪೇಜನ್ನು ಮುಟ್ಟಿದಾಗ ಕರ್ನಲ್‌ಗೆ ಹೋಗುವ ಕರೆ) ಆಯಿತು ಅಂತ 'ಟೈಮ್' ಕಮಾಂಡಿಗೆ ಮೈನಸ್ ವಿ ಕೊಟ್ಟು ಎಣಿಸು. ಎಷ್ಟು ಬರಬೇಕು ಅಂತ ಮೊದಲೇ ಪೆನ್ನಿನಲ್ಲಿ ಲೆಕ್ಕ ಹಾಕಿಡು.

ಮಾನ್ವಿ_ಬೈಟ್ · ಮಧ್ಯಾಹ್ನ 1:30

ಮಾಡಿದೆ ಅಣ್ಣಾರೇ. ಮಾಲಾಕ್ ಮಾಡಿದಾಗ ವಿಐಆರ್‌ಟಿ 1 ಜಿಬಿ ಏರಿತು, ಆರ್‌ಇಎಸ್ ಅಲ್ಲಾಡಲಿಲ್ಲ. ಮುಟ್ಟಿದ ಮೇಲೆ ಏರಿತು. ಅಂದರೆ ಕರ್ನಲ್ ಮೊದಲು ಬರೀ ಮಾತು ಕೊಡುತ್ತದೆ, ಮುಟ್ಟಿದಾಗ ಜಾಗ ಕೊಡುತ್ತದೆ. ಇಷ್ಟು ದಿನ ಪುಸ್ತಕದಲ್ಲಿ 'ಡಿಮ್ಯಾಂಡ್ ಪೇಜಿಂಗ್' ಅಂತ ಓದಿ ಬಾಯಿಪಾಠ ಮಾಡಿದ್ದು ಇದೇನಾ!

ಆದರೆ ಲೆಕ್ಕ ಸರಿಹೊಂದುತ್ತಿಲ್ಲ. 1 ಜಿಬಿ ಭಾಗಿಸು 4 ಕೆಬಿ, 2,62,144 ಪೇಜು. ಅಷ್ಟೇ ಫಾಲ್ಟ್ ಬರಬೇಕಲ್ವಾ? ನನಗೆ ಬಂದಿದ್ದು ಆರುನೂರರ ಆಸುಪಾಸು. ಎಲ್ಲಿ ತಪ್ಪಿದೆ?

ಕೋಟೆ_ಕೆಳಗೆ · 2:15

ತಪ್ಪಿಲ್ಲ. ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ ಅಂತ ಒಂದಿದೆ, ನಿನ್ನ ಮಷೀನಿನಲ್ಲಿ ಅದು 'ಆಲ್ವೇಸ್' ಅಂತ ಇರಬೇಕು. ದೊಡ್ಡ ಜಾಗ ಕೇಳಿದರೆ ಕರ್ನಲ್ 4 ಕೆಬಿ ಬದಲು ಒಂದೇ ಏಟಿಗೆ 2 ಎಂಬಿ ಕೊಡುತ್ತದೆ. 1 ಜಿಬಿಗೆ 512 ಸಾಕು. ಉಳಿದ ನೂರು ಚಿಲ್ಲರೆ ಪ್ರೋಗ್ರಾಮ್ ಶುರುವಾಗಲು ಬೇಕಾದದ್ದು. ಅದನ್ನು 'ನೆವರ್' ಮಾಡಿ ಮತ್ತೆ ಓಡಿಸು, ನಿನ್ನ ಪೆನ್ನಿನ ಲೆಕ್ಕ ಬರುತ್ತದೆ.

ಜಿನ್ನಿಂಗ್_ಗಲ್ಲಿ · ರಾತ್ರಿ 8:50

ಈಗ ಕಂಪ್ರೆಶನ್. ನಮ್ಮಪ್ಪ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಇದ್ದವರು, ಹಾಗಾಗಿ ನನಗೆ ಈ ವಿಷಯ ಹತ್ತಿಯಲ್ಲೇ ತಲೆಗೆ ಹೋಗುವುದು.

ರಾಯಚೂರಿನಲ್ಲಿ ಬೆಳೆದವರಿಗೆ ಗೊತ್ತು. ಬೀಜ ತೆಗೆದ ಅರಳೆ ಸಡಿಲವಾಗಿ ಬಿದ್ದಿದ್ದರೆ ಇಡೀ ಹಾಲ್ ತುಂಬುತ್ತದೆ. ಅದನ್ನೇ ಪ್ರೆಸ್‌ಗೆ ಹಾಕಿದರೆ 170 ಕಿಲೋದ ಬೇಲ್ ಆಗಿ ಮೂಲೆಯಲ್ಲಿ ಕೂರುತ್ತದೆ. ಝಡ್‌ರ‍್ಯಾಮ್, ಝಡ್‌ಸ್ವಾಪ್ ಎರಡೂ ಈ ಪ್ರೆಸ್ಸೇ. ಸ್ವಾಪಿಗೆ ಹೊರಟ 4 ಕೆಬಿ ಪೇಜನ್ನು ಹಿಡಿದು, ಒತ್ತಿ, ರ‍್ಯಾಮಿನಲ್ಲೇ ಇನ್ನೊಂದು ಕಡೆ ಪೇರಿಸುತ್ತವೆ. ಮತ್ತೆ ಬೇಕಾದಾಗ ಬಿಚ್ಚುವುದಕ್ಕೆ ಹಿಡಿಯುವುದು ಕೆಲವು ಮೈಕ್ರೋಸೆಕೆಂಡ್. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸುಮಾರು 10 ಮಿಲಿಸೆಕೆಂಡ್. ಸಾವಿರ ಪಟ್ಟಿಗಿಂತ ಜಾಸ್ತಿ ಅಂತರ. ಸ್ವಲ್ಪ ಸಿಪಿಯು ಖರ್ಚಾದರೂ ಲಾಭವೇ.

ಎರಡಕ್ಕೂ ವ್ಯತ್ಯಾಸ ಎಲ್ಲಿದೆ ಅಂದರೆ ಗೋಡೌನಿನಲ್ಲಿ. ಝಡ್‌ರ‍್ಯಾಮ್ ರ‍್ಯಾಮಿನಲ್ಲೇ ಒಂದು ಸುಳ್ಳು ಡಿಸ್ಕ್ ಕಟ್ಟುತ್ತದೆ. ಅದನ್ನೇ ಸ್ವಾಪ್ ಅಂತ ಬಳಸಬಹುದು. ಹೊರಗೆ ಗೋಡೌನ್ ಇರಲೇಬೇಕು ಅಂತಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಇರುವುದು ಇದೇ. ಝಡ್‌ಸ್ವಾಪ್ ಹಾಗಲ್ಲ. ಅದು ನಿಜವಾದ ಸ್ವಾಪ್ ಡಿಸ್ಕಿನ ಬಾಗಿಲಲ್ಲಿ ಕೂತ ಅಂಗಳ. ಅಂಗಳಕ್ಕೆ ಮಿತಿ ಇದೆ, ತಾನಾಗಿ ಬರುವುದು ರ‍್ಯಾಮಿನ 20%. ತುಂಬಿದರೆ ಬಹಳ ದಿನದಿಂದ ಯಾರೂ ಕೇಳದ ಬೇಲನ್ನು ಡಿಸ್ಕಿಗೆ ಸಾಗಿಸಿ, ಹೊಸದಕ್ಕೆ ಜಾಗ ಮಾಡುತ್ತದೆ. ಝಡ್‌ಸ್ವಾಪ್ ಬರೆದವರು ಸೆತ್ ಜೆನ್ನಿಂಗ್ಸ್, 2013ರ 3.11ನೇ ಕರ್ನಲ್‌ನಲ್ಲಿ ಸೇರಿತು. ಝಡ್‌ರ‍್ಯಾಮ್ ಶುರು ಮಾಡಿದ್ದು ನಿತಿನ್ ಗುಪ್ತಾ, ಮೊದಲ ಹೆಸರು ಕಾಂಪ್‌ಕ್ಯಾಶ್. ಬಹಳ ಕಾಲ ಸ್ಟೇಜಿಂಗ್‌ನಲ್ಲಿ ಕೂತು 3.14ರಲ್ಲಿ ಹೊರಬಂತು.

ಸುಮ್ನೆ_ಓದುವವ · 9:02

ಡಿಸ್ಕಿಗೆ ಸಾಗಿಸುವಾಗ ಬೇಲಾಗಿಯೇ ಹೋಗುತ್ತದಾ?

ಜಿನ್ನಿಂಗ್_ಗಲ್ಲಿ · 9:06

ಇಲ್ಲ, ಅಲ್ಲೇ ನನ್ನ ಹೋಲಿಕೆ ಮುರಿದು ಬೀಳುವುದು. ಝಡ್‌ಸ್ವಾಪ್ ಬೇಲನ್ನು ಬಿಚ್ಚಿ, ಪೂರ್ತಿ 4 ಕೆಬಿ ಸಡಿಲ ಅರಳೆ ಮಾಡಿ, ಆಮೇಲೆ ಲಾರಿಗೆ ತುಂಬುತ್ತದೆ! ನಮ್ಮಪ್ಪನಿಗೆ ಹೇಳಿದರೆ ಮ್ಯಾನೇಜರನ್ನು ಕೆಲಸದಿಂದ ತೆಗೆಯಿರಿ ಅಂತಿದ್ದರು. ಡಿಸ್ಕಿನಲ್ಲಿ ಪ್ರತಿ ಪೇಜಿಗೂ 4 ಕೆಬಿಯ ಮನೆ ಮೊದಲೇ ಗೊತ್ತಾಗಿರುತ್ತದೆ, ಅದಕ್ಕೆ ಹೀಗೆ.

ಮಾನ್ವಿ_ಬೈಟ್ · ಸೋಮವಾರ ರಾತ್ರಿ 11:20

2 ಜಿಬಿ ಝಡ್‌ರ‍್ಯಾಮ್ ಮಾಡಿ ಸ್ವಾಪಿಗೆ ಹಾಕಿದೆ. ನನ್ನ ಪ್ರೋಗ್ರಾಮಿನಿಂದ 3 ಜಿಬಿ ತುಂಬಿಸಿದೆ. ಲ್ಯಾಪ್‌ಟಾಪ್ ಐದು ನಿಮಿಷ ಸತ್ತು ಬದುಕಿತು. 'ಫ್ರೀ'ಯಲ್ಲಿ ಸ್ವಾಪ್ ಬಳಕೆ ಏರಿದೆ. ಆದರೆ ಝಡ್‌ರ‍್ಯಾಮಿನ ಎಂಎಂ_ಸ್ಟ್ಯಾಟ್ ಫೈಲಿನಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ಸ್ವಾಪಿಗೆ ಹೋಗಿದೆ, ಸ್ವಾಪಿನಲ್ಲಿ ಇಲ್ಲ. ದೆವ್ವಾನಾ?

ಕೋಟೆ_ಕೆಳಗೆ · ಮಂಗಳವಾರ ಬೆಳಿಗ್ಗೆ 6:50

ಆರ್ಚ್‌ನ ಕರ್ನಲ್‌ನಲ್ಲಿ ಝಡ್‌ಸ್ವಾಪ್ ಮೊದಲಿಂದಲೇ ಆನ್ ಇರುತ್ತದೆ. ಅದು ಕೂರುವುದು ಸ್ವಾಪಿನ ಬಾಗಿಲಲ್ಲಿ. ನಿನ್ನ ಝಡ್‌ರ‍್ಯಾಮಿಗೆ ಹೊರಟ ಪೇಜನ್ನು ದಾರಿಯಲ್ಲೇ ಹಿಡಿದು ತಾನೇ ಒತ್ತಿಟ್ಟುಕೊಂಡಿದೆ. ಒಂದು ಪ್ರೆಸ್ಸಿನ ಮುಂದೆ ಇನ್ನೊಂದು ಪ್ರೆಸ್ ಇಟ್ಟ ಹಾಗೆ. ಮೆಮ್‌ಇನ್ಫೋದಲ್ಲಿ 'ಝಡ್‌ಸ್ವಾಪ್ಡ್' ಅನ್ನುವ ಸಾಲು ನೋಡು, ನಿನ್ನ ದೆವ್ವ ಅಲ್ಲಿರುತ್ತದೆ.

ಝಡ್‌ರ‍್ಯಾಮ್ ಬಳಸುವಾಗ ಝಡ್‌ಸ್ವಾಪ್ ಆಫ್ ಮಾಡು. ಆಫ್ ಮಾಡಿದರೂ ಆಗಲೇ ಒಳಗಿರುವ ಪೇಜುಗಳು ಅಲ್ಲೇ ಇರುತ್ತವೆ, ಹೊಸದನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಖಾಲಿ ಆಗಬೇಕಾದರೆ ಸ್ವಾಪ್‌ಆಫ್ ಮಾಡಿ ಮತ್ತೆ ಸ್ವಾಪ್‌ಆನ್ ಮಾಡು.

ಇನ್ನೊಂದು. ಇಡೀ ಲ್ಯಾಪ್‌ಟಾಪನ್ನು ಸಾಯಿಸಿ ಕಲಿಯಬೇಕಾಗಿಲ್ಲ. ಸಿಸ್ಟಂಡಿ-ರನ್‌ನಲ್ಲಿ ಮೆಮೊರಿ ಮ್ಯಾಕ್ಸ್ 256 ಎಂಬಿ ಅಂತ ಕೊಟ್ಟು ನಿನ್ನ ಪ್ರೋಗ್ರಾಮನ್ನು ಓಡಿಸು. ಸೀಗ್ರೂಪ್ (ಪ್ರೋಗ್ರಾಮುಗಳಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ) ಅದನ್ನೊಂದೇ ಕಟ್ಟಿಹಾಕುತ್ತದೆ, ಮಿಕ್ಕಿದ್ದೆಲ್ಲ ಸ್ವಾಪಿಗೆ ಹೋಗುತ್ತದೆ, ಮೌಸ್ ಆರಾಮ ಓಡಾಡುತ್ತದೆ.

ಮಾನ್ವಿ_ಬೈಟ್ · ಬುಧವಾರ ರಾತ್ರಿ 10:10

ಅಲ್ಲೇ ಇತ್ತು ಸರ್! ಈಗ ಝಡ್‌ಸ್ವಾಪ್ ಆಫ್, ಮಿತಿ 256 ಎಂಬಿ. ಪ್ರೋಗ್ರಾಮ್ 1 ಜಿಬಿ ತೆಗೆದುಕೊಂಡು ಪೂರ್ತಿ 'ಎ' ಅಕ್ಷರ ತುಂಬಿಸುತ್ತದೆ. ಎಲ್ಲರೂ ನೋಡಿ, 700 ಎಂಬಿಗಿಂತ ಜಾಸ್ತಿ ಡೇಟಾ ಒಳಗೆ ಹೋಗಿದೆ, ಕಂಪ್ರೆಸ್ ಆದ ಮೇಲೆ ಹಿಡಿದ ಜಾಗ ಹತ್ತಿರ ಹತ್ತಿರ ಸೊನ್ನೆ. 4 ಜಿಬಿ 8 ಅಲ್ಲ, 400 ಆಗುತ್ತದೆ!

ಜಿನ್ನಿಂಗ್_ಗಲ್ಲಿ · 10:18

ನಗಬೇಡಿ ಯಾರೂ, ನಾನೂ ಮೊದಲ ಸಲ ಇದನ್ನೇ ಮಾಡಿ ನಾಲ್ಕು ಜನಕ್ಕೆ ಹೇಳಿಕೊಂಡು ಬಂದಿದ್ದೆ.

ಎಂಎಂ_ಸ್ಟ್ಯಾಟ್‌ನ ಆರನೇ ಅಂಕಿ ನೋಡು. ಅದು 'ಸೇಮ್ ಪೇಜಸ್'. ಇಡೀ ಪೇಜಿನಲ್ಲಿ ಒಂದೇ ಬೆಲೆ ತುಂಬಿದ್ದರೆ ಝಡ್‌ರ‍್ಯಾಮ್ ಪ್ರೆಸ್ಸಿಗೆ ಹಾಕುವುದೇ ಇಲ್ಲ. ಆ ಬೆಲೆಯೊಂದನ್ನು ಬರೆದಿಟ್ಟುಕೊಂಡು ಪೇಜನ್ನು ಬಿಟ್ಟುಬಿಡುತ್ತದೆ. ನೀನು ಅಳೆದಿದ್ದು ಕಂಪ್ರೆಶನ್ ಅಲ್ಲ, ಖಾಲಿ ಹತ್ತಿ ಚೀಲ.

ಈಗ ಉಲ್ಟಾ ಮಾಡು. ಯುರ‍್ಯಾಂಡಮ್‌ನಿಂದ ಗೊತ್ತುಗುರಿಯಿಲ್ಲದ (ರ‍್ಯಾಂಡಮ್) ಬೈಟುಗಳನ್ನು ಓದಿ ತುಂಬಿಸು, ಎಂಟನೇ ಅಂಕಿ ನೋಡು.

ಮಾನ್ವಿ_ಬೈಟ್ · 10:55

ಎಂಟನೆಯದು 'ಹ್ಯೂಜ್ ಪೇಜಸ್', ಲಕ್ಷದ ಮೇಲೆ ಏರಿದೆ. ಒಳಗೆ ಹೋದದ್ದು ಎಷ್ಟೋ, ಹಿಡಿದ ಜಾಗವೂ ಅಷ್ಟೇ. ಇದು ಮೊನ್ನೆಯ 2 ಎಂಬಿ ಹ್ಯೂಜ್ ಪೇಜಾ?

ಕೋಟೆ_ಕೆಳಗೆ · 11:01

ಅಲ್ಲ. ಹೆಸರು ಮಾತ್ರ ಒಂದೇ, ನಂಟಸ್ತನ ಇಲ್ಲ. ಇಲ್ಲಿ ಹ್ಯೂಜ್ ಅಂದರೆ ಒತ್ತಿದರೂ ಕುಗ್ಗದ ಪೇಜು. ಅದನ್ನು ಝಡ್‌ರ‍್ಯಾಮ್ ಹಾಗೇ 4 ಕೆಬಿ ಇಟ್ಟುಕೊಳ್ಳುತ್ತದೆ. ರ‍್ಯಾಮಿನಿಂದ ತೆಗೆದು ರ‍್ಯಾಮಿಗೇ ಹಾಕಿದ ಹಾಗಾಯಿತು, ಸಿಪಿಯು ಬೆವರು ದಂಡ. ಆಗಲೇ ಕಂಪ್ರೆಸ್ ಆಗಿರುವ ಜೆಪಿಜಿ ಫೋಟೋ, ವಿಡಿಯೋ, ಎನ್‌ಕ್ರಿಪ್ಟ್ ಆದ ಡೇಟಾ ಎಲ್ಲ ಇದೇ ಥರ. ಸೀನಿಯರ್‌ಗೆ ಹೇಳು: 4 ಜಿಬಿ ಎಷ್ಟಾಗುತ್ತದೆ ಅನ್ನುವುದು ಒಳಗೆ ಏನಿದೆ ಅನ್ನುವುದರ ಮೇಲೆ.

ಸಿಂಧನೂರು_ಅಕ್ಕ · ಗುರುವಾರ ಬೆಳಿಗ್ಗೆ 10:30

ಮೂರು ದಿನದಿಂದ ಓದುತ್ತಿದ್ದೇನೆ. ನಾನು ರೈಸ್ ಮಿಲ್ಲೊಂದರ ಲೆಕ್ಕ, ಕಂಪ್ಯೂಟರ್ ಎರಡೂ ನೋಡಿಕೊಳ್ಳುವವಳು. ವೇಬ್ರಿಜ್ ರೂಮಿನಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, 2 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ತೂಕದ ಚೀಟಿ ಅಲ್ಲೇ ಪ್ರಿಂಟ್ ಆಗುವುದು. ಹೋದ ವರ್ಷ ಯಾರೋ ಹೇಳಿದರು ಅಂತ ಝಡ್‌ರ‍್ಯಾಮ್ ಹಾಕಿದೆ, ಡಿಸ್ಕಿನ ಹಳೇ ಸ್ವಾಪನ್ನೂ ಹಾಗೇ ಬಿಟ್ಟೆ. ತುಂಬ ಚೆನ್ನಾಗಿ ಓಡಿತು.

ಆದರೆ ಭತ್ತ ಬರುವ ಕಾಲದಲ್ಲಿ ಒಂದು ವಿಚಿತ್ರ. ಬೆಳಿಗ್ಗೆ ಆನ್ ಮಾಡಿದಾಗ ಚುರುಕು. ಹೊತ್ತು ಏರಿದ ಹಾಗೆ ನಿಧಾನ. ಸಂಜೆ ಟ್ರ್ಯಾಕ್ಟರ್ ಸಾಲು ನಿಂತಾಗ ಒಂದು ಚೀಟಿಗೆ ಅರ್ಧ ನಿಮಿಷ. ರೀಸ್ಟಾರ್ಟ್ ಮಾಡಿದರೆ ಮತ್ತೆ ಚುರುಕು. ಝಡ್‌ರ‍್ಯಾಮ್ ಕೆಟ್ಟಿದೆಯಾ?

ಜಿನ್ನಿಂಗ್_ಗಲ್ಲಿ · 11:45

ಅಕ್ಕಾರೇ, ಇಡೀ ಚರ್ಚೆಯಲ್ಲಿ ಒಳ್ಳೇ ಪ್ರಶ್ನೆ ನಿಮ್ಮದು. ಕೆಟ್ಟಿಲ್ಲ, ಅದರ ಸ್ವಭಾವವೇ ಅದು.

ಝಡ್‌ರ‍್ಯಾಮಿಗೆ ಪ್ರಯಾರಿಟಿ ಜಾಸ್ತಿ ಕೊಟ್ಟಿರುತ್ತೀರಿ, ಹಾಗಾಗಿ ಮೊದಲು ಅದು ತುಂಬುತ್ತದೆ. ಬೆಳಿಗ್ಗೆ ಕರ್ನಲ್ ಏನನ್ನು ಹೊರಗೆ ಕಳಿಸುತ್ತದೆ? ಬೂಟ್ ಆದಾಗ ಶುರುವಾಗಿ ಆಮೇಲೆ ಯಾರೂ ಮುಟ್ಟದ ಪೇಜುಗಳನ್ನು. ಪ್ರಿಂಟರ್ ಸರ್ವಿಸು, ಅಪ್‌ಡೇಟ್ ನೋಡುವ ಪ್ರೋಗ್ರಾಮು, ಒಮ್ಮೆ ತೆರೆದು ಬಿಟ್ಟ ಬ್ರೌಸರ್ ಟ್ಯಾಬು. ಅವೆಲ್ಲ ಹೋಗಿ ಝಡ್‌ರ‍್ಯಾಮಿನ ಒಳ್ಳೇ ಜಾಗ ಹಿಡಿದು ಕೂತವು. ಯಾರೂ ಕೇಳುವುದಿಲ್ಲ, ಹಾಗಾಗಿ ಏಳುವುದೂ ಇಲ್ಲ. ಸಂಜೆ ಹೊತ್ತಿಗೆ ಝಡ್‌ರ‍್ಯಾಮ್ ಫುಲ್. ಈಗ ಸ್ವಾಪಿಗೆ ಹೋಗುವುದು ನಿಮ್ಮ ಬಿಲ್ಲಿಂಗ್ ಪ್ರೋಗ್ರಾಮಿನ ಪೇಜು, ಎರಡು ನಿಮಿಷಕ್ಕೊಮ್ಮೆ ಬೇಕಾಗುವಂಥದ್ದು. ಅದಕ್ಕೆ ಸಿಕ್ಕಿದ್ದು ಹಾರ್ಡ್ ಡಿಸ್ಕು. ಬೇಡದ್ದು ರ‍್ಯಾಮಿನಲ್ಲಿ, ಬೇಕಾದದ್ದು ಡಿಸ್ಕಿನಲ್ಲಿ. ಎಲ್‌ಆರ್‌ಯು ತಲೆಕೆಳಗಾಯಿತು.

ಝಡ್‌ಸ್ವಾಪಿನಲ್ಲಿ ಹೀಗಾಗುವುದಿಲ್ಲ. ತುಂಬಿದಾಗ ಹಳೇ ಬೇಲನ್ನೇ ಮೊದಲು ಹೊರಗೆ ಕಳಿಸುತ್ತದೆ ಅಂದೆನಲ್ಲ, ಆ ಒಂದು ಗುಣಕ್ಕಾಗಿ. ನಿಮ್ಮ ಹತ್ತಿರ ಡಿಸ್ಕ್ ಸ್ವಾಪ್ ಹೇಗೂ ಇದೆ. ಝಡ್‌ರ‍್ಯಾಮ್ ತೆಗೆದು ಝಡ್‌ಸ್ವಾಪ್ ಆನ್ ಮಾಡಿ. 2 ಜಿಬಿಯಲ್ಲಿ 20% ಅಂದರೆ 400 ಎಂಬಿ ಅಂಗಳ.

ಗಂಗಾವತಿ_ರೂಟ್ · 12:10

ಇಷ್ಟೆಲ್ಲ ಯಾಕೆ? ಸ್ವಾಪಿನೆಸ್ 10 ಮಾಡಿದರೆ ಸ್ವಾಪಿಗೇ ಹೋಗುವುದಿಲ್ಲ. ನಾನು ಹತ್ತು ವರ್ಷದಿಂದ ಹೀಗೇ ಓಡಿಸುತ್ತಿದ್ದೇನೆ.

ಕೋಟೆ_ಕೆಳಗೆ · 1:00

ಗಂಗಾವತಿಯವರೇ, ಡಿಸ್ಕ್ ಸ್ವಾಪ್ ಮಾತ್ರ ಇದ್ದ ಕಾಲದಲ್ಲಿ ನಿಮ್ಮ ಮಾತಿಗೆ ಅರ್ಥ ಇತ್ತು. ಆದರೆ ಸ್ವಾಪಿನೆಸ್ ಅಂದರೆ 'ಎಷ್ಟು ತುಂಬಿದ ಮೇಲೆ ಸ್ವಾಪ್' ಅನ್ನುವ ಶೇಕಡಾ ಲೆಕ್ಕ ಅಲ್ಲ. ಮೆಮೊರಿ ಬೇಕಾದಾಗ ಊರಿರುವ ಪೇಜನ್ನು ಕೀಳಲಾ, ಊರಿಲ್ಲದ್ದನ್ನು ಸ್ವಾಪಿಗೆ ಕಳಿಸಲಾ, ಯಾವುದು ದುಬಾರಿ ಅಂತ ನಾವು ಕರ್ನಲ್‌ಗೆ ಕೊಡುವ ಸೂಚನೆ. 100 ಅಂದರೆ ಎರಡೂ ಸಮ. 10 ಅಂದರೆ ಸ್ವಾಪ್ ಬಹಳ ದುಬಾರಿ ಅಂತ. ಆಗ ಕರ್ನಲ್ ಪೇಜ್ ಕ್ಯಾಶನ್ನೇ ಹರಿದು ತಿನ್ನುತ್ತದೆ. ಪ್ರೋಗ್ರಾಮಿನ ಕೋಡ್ ಕೂಡ ಫೈಲಿನಿಂದ ಬಂದ ಪೇಜೇ, ಅದೂ ಹೋಗುತ್ತದೆ, ಮರುಕ್ಷಣ ಡಿಸ್ಕಿನಿಂದ ಮತ್ತೆ ತರಬೇಕು. ಸ್ವಾಪ್ ಸೊನ್ನೆ ತೋರಿಸುತ್ತಿದ್ದರೂ ಮಷೀನ್ ಒದ್ದಾಡುವುದು ಹೀಗೇ.

ಈಗ ಸ್ವಾಪ್ ಅನ್ನುವುದೇ ರ‍್ಯಾಮಿನ ಒಳಗಿದೆ, ಡಿಸ್ಕಿಗಿಂತ ಎಷ್ಟೋ ಅಗ್ಗ. ಅದಕ್ಕೇ 5.8ನೇ ಕರ್ನಲ್‌ನಿಂದ ಸ್ವಾಪಿನೆಸ್ 200ರವರೆಗೆ ಕೊಡಬಹುದು ಅಂತ ಮಾಡಿದರು. ಝಡ್‌ರ‍್ಯಾಮ್ ಇದ್ದರೆ 100ರ ಮೇಲೆ ಇಡುವುದೇ ಸರಿ.

ಗಂಗಾವತಿ_ರೂಟ್ · 1:25

ನನ್ನ ಮಷೀನಿನಲ್ಲಿ 16 ಜಿಬಿ ಇದೆ ಮೇಷ್ಟ್ರೇ.

ಜಿನ್ನಿಂಗ್_ಗಲ್ಲಿ · 1:27

ಹಾಗಾದರೆ ನೀವು ಸ್ವಾಪಿನೆಸ್ ಎಷ್ಟು ಇಟ್ಟರೂ ನಡೆಯುತ್ತಿತ್ತು ಬಿಡಿ.

ಮಾನ್ವಿ_ಬೈಟ್ · ಶನಿವಾರ ರಾತ್ರಿ 9:30

'ಎ' ತುಂಬಿಸಿದ್ದು ಸುಳ್ಳು, ಯುರ‍್ಯಾಂಡಮ್ ಇನ್ನೊಂದು ತುದಿ. ಹಾಗಾಗಿ ಈ ಸಲ ನಿಜವಾದ ಬರಹ ಹಾಕಿ ನೋಡೋಣ ಅಂತ, ಕನ್ನಡ ವಿಕಿಪೀಡಿಯಾದ ಲೇಖನಗಳನ್ನು ಇಳಿಸಿಕೊಂಡು ಮೆಮೊರಿಗೆ ಓದಿಸಿದೆ. ಎರಡು ವಿಷಯ ಅರ್ಥ ಆಗಲಿಲ್ಲ. ಎಲ್‌ಝಡ್4ಕ್ಕಿಂತ ಝಡ್‌ಎಸ್‌ಟಿಡಿ ತುಂಬ ಜಾಸ್ತಿ ಕುಗ್ಗಿಸಿತು (ಎರಡೂ ಕಂಪ್ರೆಸ್ ಮಾಡುವ ವಿಧಾನಗಳು). ಮತ್ತೆ, ಅದೇ ಫೈಲನ್ನು ಹೊರಗೆ ಅದೇ ಝಡ್‌ಎಸ್‌ಟಿಡಿಯಿಂದ ಇಡಿಯಾಗಿ ಕಂಪ್ರೆಸ್ ಮಾಡಿದರೆ ಇನ್ನೂ ಎಷ್ಟೋ ಸಣ್ಣದಾಗುತ್ತದೆ. ಯಾಕೆ?

ಜಿನ್ನಿಂಗ್_ಗಲ್ಲಿ · 10:20

ಎರಡನೆಯದು ಸುಲಭ. ಇಲ್ಲಿ ಪ್ರತಿ ಪೇಜನ್ನೂ ಬೇರೆ ಬೇರೆಯಾಗಿ ಒತ್ತುವುದು. ಒಂದು ಪೇಜ್ ಬೇಕಾದರೆ ಅದೊಂದನ್ನೇ ಬಿಚ್ಚಬೇಕಲ್ಲ. ಹಾಗಾಗಿ ಪಕ್ಕದ ಪೇಜಿನಲ್ಲಿ ಅದೇ ಪದ ನೂರು ಸಲ ಇದ್ದರೂ ಇದಕ್ಕೆ ಗೊತ್ತಾಗುವುದಿಲ್ಲ. 4096 ಬೈಟೇ ಅದರ ಪ್ರಪಂಚ. ಕನ್ನಡದಲ್ಲಿ ಸುಮಾರು 1365 ಸಂಕೇತ, ಅಷ್ಟೇ.

ಮೊದಲನೆಯದಕ್ಕೆ ಕನ್ನಡದ ಬೈಟುಗಳನ್ನೇ ಬಿಡಿಸಿ ನೋಡು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ನಮ್ಮ ಒಂದೊಂದು ಸಂಕೇತಕ್ಕೂ 3 ಬೈಟ್. 'ರಾಯಚೂರು' ಅಂದರೆ ಸ್ವರಚಿಹ್ನೆ ಸೇರಿ 7 ಸಂಕೇತ, 21 ಬೈಟ್. ಮೊದಲ ಬೈಟ್ (ಹೆಕ್ಸ್ ಲೆಕ್ಕದಲ್ಲಿ) ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3, ಬೇರೆ ಇಲ್ಲ. ಹೊಸ ವಿಷಯ ಬಹುಪಾಲು ಮೂರನೆಯದರಲ್ಲೇ. ಎಲ್‌ಝಡ್4 ಹುಡುಕುವುದು ಹಿಂದೆ ಬಂದ ಬೈಟುಗಳ ಸರಣಿ ಅದೇ ಕ್ರಮದಲ್ಲಿ ಮತ್ತೆ ಬಂತಾ ಅಂತ, ಅದೂ ಕನಿಷ್ಠ 4 ಬೈಟ್ ಉದ್ದ. ಇ0, ಬಿ2 ಪದೇ ಪದೇ ಬಂದರೂ ಮಧ್ಯೆ ಮೂರನೇ ಬೈಟ್ ಬದಲಾಗಿ ಅಡ್ಡ ಬರುತ್ತದೆ. ಝಡ್‌ಎಸ್‌ಟಿಡಿ ಸರಣಿ ಹುಡುಕಿದ ಮೇಲೆ ಇನ್ನೊಂದು ಕೆಲಸ ಮಾಡುತ್ತದೆ. ಜಾಸ್ತಿ ಬರುವ ಬೈಟಿಗೆ ಕಡಿಮೆ ಬಿಟ್ ಕೊಡುತ್ತದೆ. ಇ0 ಅಷ್ಟು ಸಲ ಬಂದರೆ ಅದು ಬಹಳ ಅಗ್ಗವಾಗುತ್ತದೆ. ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಿಪಿಯು ಖರ್ಚು ಮಾತ್ರ ಜಾಸ್ತಿ, ನಿನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅದನ್ನೂ ಅಳೆ.

ಸುಮ್ನೆ_ಓದುವವ · 10:41

ನಮ್ಮ ಭಾಷೆಗೆ ಮೂರು ಪಟ್ಟು ಜಾಗ ಯಾಕೆ ಅಂತ ಬೈಯುತ್ತಿದ್ದೆ. ಒಂದು ಪಟ್ಟು ವಾಪಸ್ ಸಿಕ್ಕಿತು.

ಕೋಟೆ_ಕೆಳಗೆ · ಭಾನುವಾರ ಬೆಳಿಗ್ಗೆ 8:00

ಮಾನ್ವಿ ತಮ್ಮಾ, ಈಗ ಎಂಎಂ ಫೋಲ್ಡರಿನ ಝಡ್‌ಸ್ವಾಪ್ ಫೈಲ್ ತೆರೆ. 'ಝಡ್‌ಸ್ವಾಪ್_ಸ್ಟೋರ್' ಅನ್ನುವ ಫಂಕ್ಷನ್ ಹುಡುಕು. ಪೇಜ್ ಬರುವುದು, ಮಿತಿ ನೋಡುವುದು, ಒತ್ತುವುದು, ಪಟ್ಟಿಗೆ ಸೇರಿಸುವುದು. ನೀನು ಹೊರಗಿನಿಂದ ನೋಡಿದ್ದೆಲ್ಲ ಅಲ್ಲಿ ಸಾಲಾಗಿ ಸಿಗುತ್ತದೆ. ವಿಎಂಸ್ಕ್ಯಾನ್ ಇನ್ನೊಂದು ತಿಂಗಳು ಬೇಡ.

ಸಿಂಧನೂರು_ಅಕ್ಕ · ಭಾನುವಾರ ಸಂಜೆ 6:15

ಝಡ್‌ಸ್ವಾಪ್ ಹಾಕಿ ಮೂರು ದಿನ ಆಯಿತು. ಸಂಜೆ ಹೊತ್ತಿಗೂ ಚೀಟಿ ತಕ್ಷಣ ಬರುತ್ತಿದೆ. ಆದರೆ ಈಗ ಸೀಸನ್ ಅಲ್ಲ, ದಿನಕ್ಕೆ ಎಂಟು ಹತ್ತು ಗಾಡಿ ಅಷ್ಟೇ. ಡಿಬಗ್‌ಎಫ್‌ಎಸ್ ಒಳಗೆ 'ರಿಟನ್ ಬ್ಯಾಕ್ ಪೇಜಸ್' (ಅಂಗಳದಿಂದ ಡಿಸ್ಕಿಗೆ ಸಾಗಿಸಿದ ಪೇಜುಗಳ ಎಣಿಕೆ) ನೋಡಿದೆ, ಇನ್ನೂ 0. ಒಳ್ಳೆಯದಾ, ಕೆಟ್ಟದ್ದಾ?

ಜಿನ್ನಿಂಗ್_ಗಲ್ಲಿ · 6:40

ಅಂಗಳ ಇನ್ನೂ ತುಂಬಿಲ್ಲ ಅಂತ ಅರ್ಥ ಅಕ್ಕಾರೇ. ಭತ್ತ ಬರಲಿ. ಟ್ರ್ಯಾಕ್ಟರ್ ಸಾಲು ರಸ್ತೆಗೆ ಬಂದ ದಿನ ಇದೇ ಅಂಕಿ ನೋಡಿ ಇಲ್ಲಿ ಬರೆಯಿರಿ.